ಲೈಟಿಗೆ ಹೊಟ್ಟೆ ಕರಗುತ್ತೇನಣ್ಣಾ?

ಈ ವಾರ ನಾನು ಯಾವ ನಟನ ಸಂದರ್ಶನವನ್ನೂ ತಂದಿಲ್ಲ. ಯಾವ ನಟಿಯ ಮದುವೆ ಸುದ್ದಿಯೂ ನನ್ನ ಜೋಳಿಗೆಯಲ್ಲಿಲ್ಲ. ಈ ಸಲ ಹೇಳೋಕೆ ಹೊರಟಿರೋದು ನನ್ನ ಹೊಟ್ಟೆಯ ಕಥೆ! ನಗಬೇಡಿ. ಈ ಹೊಟ್ಟೆಯ ಹಿಂದೆ ಒಂದು ಪಾತ್ರವಿದೆ, ಒಂದು ಕೆಂಪು ಬೆಳಕಿನ ಪೆಟ್ಟಿಗೆಯಿದೆ, ನನ್ನ ತಾಯಿಯ 18,000 ರೂಪಾಯಿಯಿದೆ. ಬಸ್ಸು ಹೊರಡೋಕೆ ಇನ್ನೂ ಟೈಮಿದ್ದರೆ ಪೂರ್ತಿ ಓದಿ. ನಿಮ್ಮ ಜೇಬಿನ ದುಡ್ಡು ಉಳಿದರೂ ಉಳಿಯಬಹುದು.

ನಾನು ತಿಪಟೂರು ಕಡೆಯ ಹುಡುಗ. ಕಾಲೇಜಿನ ಗೇಟಿಗಿಂತ ಟಾಕೀಸಿನ ಗೇಟೇ ನನಗೆ ಹೆಚ್ಚು ಪರಿಚಯ. ಹೀಗಾಗಿ ಪಿಯುಸಿ ಅರ್ಧಕ್ಕೇ ನಿಂತುಹೋಯಿತು. ಬೆಂಗಳೂರಿಗೆ ಬಂದೆ. ಗಾಂಧಿನಗರದ ಗಲ್ಲಿಗಲ್ಲಿ ಸುತ್ತಿದೆ. ಮುಹೂರ್ತಕ್ಕೆ ಹೋಗೋದು, ಬರೆಯೋದು, ಬರೆದದ್ದಕ್ಕೆ ಕಾಸು ಇಸ್ಕೊಳ್ಳೋದು. ಖಾಯಂ ಕೆಲಸವಿಲ್ಲ, ಖಾಯಂ ಸಂಬಳವಿಲ್ಲ, ಖಾಯಂ ಆಗಿ ಇದ್ದದ್ದು ಹೊಟ್ಟೆ ಒಂದೇ! ಮುಹೂರ್ತದಲ್ಲಿ ಕೇಸರಿಬಾತು, ಪ್ರೆಸ್‌ಮೀಟಿನಲ್ಲಿ ಬೋಂಡ, ರಾತ್ರಿ ಹನ್ನೊಂದಕ್ಕೆ ಗಾಡಿಯ ಮುಂದೆ ಎಗ್ ರೈಸು. ದಿನಕ್ಕೆ ಆರು ಕಾಫಿ. ಐದೂವರೆ ಅಡಿ ಎತ್ತರದ ನನ್ನ ತೂಕ 92 ಕೆಜಿ ಮುಟ್ಟಿದ್ದು ನನಗೇ ಗೊತ್ತಾಗಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಪರಿಚಯದ ಸಹಾಯಕ ನಿರ್ದೇಶಕರೊಬ್ಬರು ಸ್ವತಂತ್ರವಾಗಿ ಒಂದು ಚಿತ್ರಕ್ಕೆ ಕೈ ಹಾಕಿದ್ದರು. ಒಂದು ದಿನ ಹೋಟೆಲಿನಲ್ಲಿ ಕೂತಾಗ ನನ್ನ ಮುಖವನ್ನೇ ನೋಡಿ ಅಂದರು:

"ಹೀರೋಗೆ ಮೂರು ಜನ ಫ್ರೆಂಡ್ಸು. ಒಬ್ಬ ನೀನು. ನಾಲ್ಕು ಸೀನು, ಒಂದು ಹಾಡು. ಕಬಡ್ಡಿ ಆಡೋ ಹುಡುಗನ ಪಾತ್ರ ಕಣೋ. ಎರಡು ತಿಂಗಳು ಟೈಮಿದೆ, ಆ ಹೊಟ್ಟೆ ಇಳಿಸ್ಕೊಂಡು ಬಾ."

ನಾಲ್ಕು ಸೀನು! ಹತ್ತು ವರ್ಷದಿಂದ ಬೇರೆಯವರ ಪಾತ್ರದ ಬಗ್ಗೆ ಬರೆದವನಿಗೆ ಸ್ವಂತಕ್ಕೆ ನಾಲ್ಕು ಸೀನು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೆಟ್ಟಿಗೆಯೊಳಗೆ ಸೈಕಲ್ಲು

ಮಾರನೇ ದಿನವೇ ಕೈಗೆ ಒಂದು ಚೀಟಿ ಸಿಕ್ಕಿತು. 'ಇನ್‌ಫ್ರಾರೆಡ್ ಬೆಳಕು, ಜೊತೆಗೆ ವ್ಯಾಯಾಮ. ಬೆವರಿದಷ್ಟೂ ಕರಗುವಿರಿ!' ವಿಳಾಸ ಹುಡುಕಿಕೊಂಡು ಹೋದೆ. ತಣ್ಣನೆಯ ಎ.ಸಿ., ಬಿಳಿ ಕೋಟು ಹಾಕಿದ ಹುಡುಗಿ. ಸೆಂಟರಿನ ಹೆಸರು ಬೇಡ ಬಿಡಿ.

"ಸಾರ್, ನೀವು ಒಳಗೆ ಸೈಕಲ್ ತುಳೀತಾ ಇರಿ ಅಷ್ಟೇ. ಕೊಬ್ಬನ್ನ ಬೆಳಕೇ ಕರಗಿಸುತ್ತೆ. ಒಂದು ಸಿಟ್ಟಿಂಗಿಗೆ ಸಾವಿರ ಕ್ಯಾಲೊರಿ ಹೋಗುತ್ತೆ ಸಾರ್."

ವಾರಕ್ಕೆ 3 ಸಿಟ್ಟಿಂಗು, 8 ವಾರ, ಒಟ್ಟು 24. ಒಂದಕ್ಕೆ 750 ರೂಪಾಯಿ. ಪೂರ್ತಿ 18,000 ಮುಂಗಡ.

ನನ್ನ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಊರಿಗೆ ಹೋದೆ. ಅಮ್ಮ ಚೀಟಿ ಕಟ್ಟಿ ದುಡ್ಡು ಎತ್ತಿಟ್ಟಿದ್ದಳು. ಅವಳ ಬಲಗಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಅಂತ ಇಟ್ಟ ದುಡ್ಡದು. ನಾನು ತಲೆ ತಗ್ಗಿಸಿಕೊಂಡೇ ಕೇಳಿದೆ. "ಸಿನಿಮಾ ದುಡ್ಡು ಬಂದ ಕೂಡಲೇ ವಾಪಸ್ ಕೊಡ್ತೀನಮ್ಮ" ಅಂದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ತಗೊಂಡೋಗಪ್ಪ. ನಿನ್ನನ್ನ ಪರದೆ ಮೇಲೆ ನೋಡೋಕೆ ತಾನೇ ನಂಗೆ ಕಣ್ಣು ಬೇಕಾಗಿರೋದು?"

ಸಿನಿಮಾದಲ್ಲಿ ಇಂಥ ಮಾತು ಬಂದರೆ ನಾವು ಶಿಳ್ಳೆ ಹೊಡೀತೀವಿ. ಮನೆಯಲ್ಲಿ ಕೇಳಿದಾಗ ಗಂಟಲು ಕಟ್ಟುತ್ತೆ. ಆದರೂ ದುಡ್ಡು ಜೇಬಿಗಿಟ್ಟುಕೊಂಡೇ ಬಸ್ಸು ಹತ್ತಿದೆ.

ಪೆಟ್ಟಿಗೆ ಅಂದರೆ ಮರದ ಪೆಟ್ಟಿಗೆ. ಒಳಗೊಂದು ಸೈಕಲ್ಲು, ಸುತ್ತ ಕೆಂಪಗೆ ಉರಿಯೋ ದೀಪಗಳು, ತಲೆ ಮಾತ್ರ ಹೊರಗೆ. ಮುಕ್ಕಾಲು ಗಂಟೆ ತುಳಿಯಬೇಕು. ಬೆವರು ಅಂದರೆ ಬೆವರು, ಕಾಲಿನ ಬೆರಳ ತುದಿಯಿಂದ ತೊಟ್ಟಿಕ್ಕೋದು. ಮೊದಲ ದಿನ ಒಳಗೆ ಹೋಗುವಾಗ 92 ಕೆಜಿ, ಹೊರಗೆ ಬಂದಾಗ 90.9! ಒಂದೇ ದಿನಕ್ಕೆ ಒಂದು ಕೆಜಿ ನೂರು ಗ್ರಾಂ! ನಾನು ಕುಣಿದುಬಿಟ್ಟೆ. ಆ ಸಂತೋಷಕ್ಕೆ ಬೀದಿಯಲ್ಲಿ ಎರಡು ಲೋಟ ಕಬ್ಬಿನ ಹಾಲು ಕುಡಿದೆ.

ಬೆಳಿಗ್ಗೆ ಎದ್ದು ಪಕ್ಕದ ಮೆಡಿಕಲ್ ಸ್ಟೋರಿನ ತಕ್ಕಡಿ ಹತ್ತಿದೆ. 91.9. ತಕ್ಕಡಿ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ನನ್ನ ಲೆಕ್ಕ! ಆ ಸೆಂಟರಿನಲ್ಲಿ ಪ್ರತಿ ಸಲವೂ ತೂಕ ಬರೆದುಕೊಳ್ಳುತ್ತಿದ್ದದ್ದು ಬೆವರಿಳಿದ ಮೇಲೆ ಮಾತ್ರ.

ಮೂರು ವಾರ ಕಳೆಯಿತು. ಶೂಟಿಂಗ್ ದಿನ ಹತ್ತಿರ ಬರುತ್ತಿತ್ತು. ನಾನು ಅವಸರಕ್ಕೆ ಬಿದ್ದೆ. ಬೆಳಗಿನ ತಿಂಡಿ ಬಿಟ್ಟೆ. 'ನೀರು ಕುಡಿದರೆ ತೂಕ ಏರುತ್ತೆ' ಅಂತ ನೀರನ್ನೂ ಬಿಟ್ಟೆ. ನಾಲ್ಕನೇ ವಾರದ ಒಂದು ಮಧ್ಯಾಹ್ನ, ಪೆಟ್ಟಿಗೆಯೊಳಗೆ ತುಳಿಯುತ್ತಾ ಇದ್ದಂಗೇ ಕಿವಿಯಲ್ಲಿ 'ಗುಂಯ್' ಅಂತು. ಕೆಂಪು ದೀಪ ಕಪ್ಪಾಯಿತು. ಆಮೇಲೆ ಕಣ್ಣು ಬಿಟ್ಟಾಗ ಪಕ್ಕದ ಬೀದಿಯ ನರ್ಸಿಂಗ್ ಹೋಮಿನ ಹಾಸಿಗೆ, ಕೈಗೆ ಡ್ರಿಪ್ಪು.

"ಮೈಯಲ್ಲಿ ನೀರು ಕಡಿಮೆಯಾಗಿ ಬಿಪಿ ಇಳಿದಿದೆ. ಊಟ ಬಿಟ್ಟು, ನೀರು ಬಿಟ್ಟು, ಬಿಸಿಯಲ್ಲಿ ಕೂತು ಸೈಕಲ್ ತುಳಿಯೋದಾ? ಯಾವ ಯೂನಿವರ್ಸಿಟೀಲಿ ಹೇಳ್ಕೊಟ್ರು ನಿಮಗೆ?" ಅಂದರು ಡಾಕ್ಟರು. ಯೂನಿವರ್ಸಿಟಿಯ ಮೆಟ್ಟಿಲೇ ಹತ್ತದವನು ಏನು ಉತ್ತರ ಕೊಡಲಿ?

ಲೈಟಣ್ಣನ ಮಾತು

ಅದಾದ ಒಂದು ವಾರಕ್ಕೆ ಬೇರೊಂದು ಚಿತ್ರದ ಸೆಟ್ಟಿಗೆ ವರದಿಗೆ ಹೋಗಿದ್ದೆ. ಬ್ರೇಕಿನಲ್ಲಿ ಹಳೆಯ ಲೈಟ್ ಬಾಯ್ ಒಬ್ಬರ ಪಕ್ಕ ಕೂತೆ. 'ಬಾಯ್' ಅನ್ನೋದು ಹೆಸರಿಗೆ ಮಾತ್ರ, ವಯಸ್ಸು ಅರವತ್ತರ ಹತ್ತಿರ. ನಾವೆಲ್ಲ ಅವರನ್ನ ಲೈಟಣ್ಣ ಅಂತೀವಿ. ನನ್ನ ಬಾಡಿದ ಮುಖ ನೋಡಿ ಏನಾಯ್ತು ಅಂತ ಕೇಳಿದರು. ಎಲ್ಲ ಹೇಳಿದೆ. ಕೊನೆಗೆ ಕೇಳಿದೆ, "ಲೈಟಿಗೆ ಹೊಟ್ಟೆ ಕರಗುತ್ತೇನಣ್ಣಾ?"

ಲೈಟಣ್ಣ ಬೀಡಿ ಪಕ್ಕಕ್ಕಿಟ್ಟು ಹೊಟ್ಟೆ ಹಿಡಕೊಂಡು ನಕ್ಕರು. ಅವರಿಗೂ ಸಣ್ಣ ಹೊಟ್ಟೆಯಲ್ಲ!

"ಲೋ ಮರಿ, ನಾನು ಮೂವತ್ತೈದು ವರ್ಷ ಲೈಟಿನ ಬುಡದಲ್ಲೇ ನಿಂತೋನು. ಈಗೇನೋ ಎಲ್‌ಇಡಿ ಬಂದು ತಣ್ಣಗಾಗಿದೆ. ಆಗಿನ ಹತ್ತು ಕಿಲೋವ್ಯಾಟ್ ಲೈಟು ಗೊತ್ತಾ? ಪಕ್ಕದಲ್ಲಿ ನಿಂತ್ರೆ ಹುಬ್ಬಿನ ಕೂದ್ಲು ಸುಡೋದು. ಲೈಟಿಗೆ ಕೊಬ್ಬು ಕರಗೋದಾಗಿದ್ರೆ ನಾನು ಇಷ್ಟೊತ್ತಿಗೆ ಊದುಬತ್ತಿ ಆಗಿರ್ತಿದ್ದೆ. ಹೋಗು, ಕಾಲಿಗೆ ಕೆಲ್ಸ ಕೊಡು."

ಓದುಗ ದೊರೆಗಳೇ, 18,000 ರೂಪಾಯಿ ಕೊಟ್ಟು ಕಲಿಯದ ಪಾಠವನ್ನ ಒಂದು ಬೀಡಿಯ ಹೊತ್ತಿನಲ್ಲಿ ಕಲಿತೆ. ಆಮೇಲೆ ಹಟ ಹಿಡಿದೆ. ಈ ಇನ್‌ಫ್ರಾರೆಡ್ ಅಂದರೇನು, ಕೊಬ್ಬು ಅಂದರೇನು, ಅದು ಹೋಗೋದು ಎಲ್ಲಿಗೆ? ಪಿಯುಸಿ ಬಿಟ್ಟವನು ಲೈಬ್ರರಿಯಲ್ಲಿ ಕೂತೆ, ಆ ಡಾಕ್ಟರನ್ನೂ ಮತ್ತೆ ಎರಡು ಸಲ ಹೋಗಿ ಪೀಡಿಸಿದೆ. ತಿಳಿದದ್ದನ್ನ ನಿಮ್ಮ ಮುಂದಿಡುತ್ತೇನೆ.

ಕಾಣದ ಬೆಳಕಿನ ಕಥೆ

ಇನ್‌ಫ್ರಾರೆಡ್ ಅಂದರೆ ಕನ್ನಡದಲ್ಲಿ ಅವಕೆಂಪು. ಇದನ್ನ ಕಂಡುಹಿಡಿದವನು ವಿಲಿಯಂ ಹರ್ಷಲ್, 1800ರಲ್ಲಿ, ಇಂಗ್ಲೆಂಡಿನಲ್ಲಿ. ಈತ ಮೊದಲು ಸಂಗೀತಗಾರ, ಆಮೇಲೆ ಆಕಾಶ ನೋಡಿ ಯುರೇನಸ್ ಗ್ರಹ ಕಂಡುಹಿಡಿದವನು! ಬಿಸಿಲನ್ನ ಗಾಜಿನ ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ಬಿಸಿ ಅಳೆದ. ಕೆಂಪು ಬಣ್ಣ ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರೇ ಎಲ್ಲಕ್ಕಿಂತ ಹೆಚ್ಚು ಏರಿತು. ಅಲ್ಲಿ ಕಣ್ಣಿಗೆ ಕಾಣದ ಬೆಳಕಿತ್ತು.

ಅಂದರೆ ಏನಾಯ್ತು? ಪೆಟ್ಟಿಗೆಯಲ್ಲಿ ನನಗೆ ಕೆಂಪಗೆ ಕಂಡದ್ದು ಇನ್‌ಫ್ರಾರೆಡ್ ಅಲ್ಲವೇ ಅಲ್ಲ! ಕಾಣೋದು ಬರೀ ಕೆಂಪು, ಅವಕೆಂಪು ಕಾಣೋದಿಲ್ಲ. ನಿಮ್ಮ ಮನೆ ಟಿವಿ ರಿಮೋಟಿನ ತುದಿಯಿಂದ ಬರೋದೂ ಅವಕೆಂಪೇ. ಅಷ್ಟೇಕೆ, ನಮ್ಮ ಮೈ ಕೂಡ ಹಗಲೂ ರಾತ್ರಿ ಅವಕೆಂಪು ಸೂಸುತ್ತಲೇ ಇರುತ್ತೆ. ಲೈಟಣ್ಣನ ಹಳೇ ಬಲ್ಬುಗಳೂ ಅಷ್ಟೇ, ತಿಂದ ಕರೆಂಟಿನಲ್ಲಿ ಬೆಳಕಾಗುತ್ತಿದ್ದದ್ದು ಸ್ವಲ್ಪ, ಹೆಚ್ಚಿನದೆಲ್ಲ ಅವಕೆಂಪಿನ ಬಿಸಿ. ಅವರ ಮಾತಿನಲ್ಲಿ ವಿಜ್ಞಾನವೇ ಇತ್ತು ನೋಡಿ!

ಈ ಅವಕೆಂಪಿನಲ್ಲೂ ಬೇರೆ ಬೇರೆ ಜಾತಿ. ಕೆಂಪಿಗೆ ಹತ್ತಿರದ್ದು ಚರ್ಮದೊಳಕ್ಕೆ ಕೆಲವು ಮಿಲಿಮೀಟರಿನಷ್ಟು ಇಳಿಯುತ್ತೆ. ದೂರದ್ದು ಚರ್ಮದ ಮೇಲ್ಪದರದಲ್ಲೇ ಹೀರಿಹೋಗಿ ಬಿಸಿಯಾಗುತ್ತೆ. ಬೆವರಿಳಿಸೋ ಪೆಟ್ಟಿಗೆಗಳು, ಕಂಬಳಿಗಳು ಹೆಚ್ಚಾಗಿ ಈ ಎರಡನೇ ಜಾತಿ. ಅಲ್ಲಿ ಆಗೋದು ಬಿಸಿ, ಬಿಸಿಗೆ ಬೆವರು. ಬೆವರು ಅಂದರೆ ನೀರು, ಉಪ್ಪು. ಒಂದು ಲೀಟರ್ ಬೆವರಿದರೆ ಒಂದು ಕೆಜಿ ಇಳಿಯುತ್ತೆ, ಒಂದು ಲೀಟರ್ ಕುಡಿದರೆ ಒಂದು ಕೆಜಿ ಏರುತ್ತೆ. ನನ್ನ ಕಬ್ಬಿನ ಹಾಲಿನ ರಹಸ್ಯ ಇಷ್ಟೇ!

ಹಾಗಾದರೆ ಕೊಬ್ಬು ಹೋಗೋದೆಲ್ಲಿಗೆ? ಇದನ್ನ ಓದಿದಾಗ ನಾನೇ ಬೆಚ್ಚಿಬಿದ್ದೆ. ಉಸಿರಿನಲ್ಲಿ! 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್, ಆಂಡ್ರ್ಯೂ ಬ್ರೌನ್ ಅನ್ನೋರು ಇದರ ಲೆಕ್ಕ ಪ್ರಕಟಿಸಿದರು. ದೇಹ 10 ಕೆಜಿ ಕೊಬ್ಬನ್ನ ಉರಿಸಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ ಹೋಗುತ್ತೆ, ಉಳಿದ 1.6 ಕೆಜಿ ನೀರಾಗುತ್ತೆ. ಹಾಗಂತ ಕೂತಲ್ಲೇ ಬುಸುಬುಸು ಉಸಿರಾಡಿದರೆ ಆಗೋಲ್ಲ, ತಲೆ ತಿರುಗುತ್ತೆ ಅಷ್ಟೇ. ಸ್ನಾಯು ದುಡಿಯಬೇಕು, ಆಗ ಕೊಬ್ಬು ಹೆಚ್ಚು ಉರಿಯುತ್ತೆ.

ಬೆಳಕು ಪೂರ್ತಿ ಸುಳ್ಳೇ?

ನ್ಯಾಯವಾಗಿ ಹೇಳಬೇಕಾದರೆ, ಪೂರ್ತಿ ಸುಳ್ಳಲ್ಲ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೆನ್ನು ಬೋಳಿಸಿ ಸಣ್ಣ ಶಕ್ತಿಯ ಕೆಂಪು ಲೇಸರ್ ಬಿಟ್ಟಾಗ ಆ ಜಾಗದಲ್ಲಿ ಕೂದಲು ಬೇಗ ಬೆಳೆಯಿತು. ಬೆಳಕು ಜೀವಕೋಶದ ಮೇಲೆ ಏನೋ ಮಾಡುತ್ತೆ ಅನ್ನೋ ವಿದ್ಯೆ ಅಲ್ಲಿಂದ ಶುರು. 2010ರಲ್ಲಿ ಅಮೆರಿಕದ ಎಫ್‌ಡಿಎ ಒಂದು 635 ನ್ಯಾನೋಮೀಟರಿನ ಲೇಸರಿಗೆ ಸೊಂಟ, ತೊಡೆಗಳ ಸುತ್ತಳತೆ ಕಡಿಮೆ ಮಾಡಲು ಅನುಮತಿ ಕೊಟ್ಟಿತು. ಗಮನಿಸಿ: ಅದು ಕಾಣುವ ಕೆಂಪು, ಅವಕೆಂಪಲ್ಲ. ಅನುಮತಿ ಸುತ್ತಳತೆಗೆ, ತೂಕಕ್ಕಲ್ಲ.

ಬೆಳಕು, ವ್ಯಾಯಾಮ ಎರಡನ್ನೂ ಜೊತೆ ಮಾಡಿ ನೋಡಿದವರು ಬ್ರೆಜಿಲ್ ದೇಶದ ಸಾವೋ ಕಾರ್ಲೋಸಿನ ವಿಜ್ಞಾನಿಗಳು. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ದಪ್ಪಗಿದ್ದ 64 ಮಂದಿ ಹೆಂಗಸರು ಇದ್ದರು. ವಾರಕ್ಕೆ 3 ದಿನ, 20 ವಾರ ಕಟ್ಟುನಿಟ್ಟಾದ ವ್ಯಾಯಾಮ. ವ್ಯಾಯಾಮ ಮುಗಿದ ಕೂಡಲೇ ಒಂದು ಗುಂಪಿಗೆ 808 ನ್ಯಾನೋಮೀಟರಿನ ಅವಕೆಂಪು ಬೆಳಕು, ಇನ್ನೊಂದು ಗುಂಪಿಗೆ ಬೆಳಕಿನ ನಾಟಕ ಮಾತ್ರ. ನಿಜವಾದ ಬೆಳಕು ಸಿಕ್ಕವರಲ್ಲಿ ಕೊಬ್ಬು ಇನ್ನಷ್ಟು ಇಳಿಯಿತು ಅಂತ ಫಲಿತಾಂಶ.

ಇಲ್ಲಿ ಒಂದು ಮಾತು ಮರೀಬೇಡಿ. ಎರಡೂ ಗುಂಪಿನವರು ವ್ಯಾಯಾಮ ಮಾಡಿದ್ದರು! ಕೊಬ್ಬಿನ ಕೋಶದಿಂದ ಕೊಬ್ಬು ಬಿಡುಗಡೆಯಾಗಿ ರಕ್ತಕ್ಕೆ ಬರಬೇಕು, ರಕ್ತದಿಂದ ಸ್ನಾಯುವಿಗೆ ಹೋಗಬೇಕು, ಅಲ್ಲಿ ಉರಿಯಬೇಕು. ಸ್ನಾಯು ಉರಿಸದಿದ್ದರೆ ಹೊರಟ ಕೊಬ್ಬು ಸುತ್ತಿಕೊಂಡು ಮತ್ತೆ ಮನೆಗೇ ಬರುತ್ತೆ. ಬೆಳಕು ಸಹನಟ ಆಗಬಹುದೇನೋ, ನಾಯಕ ಮಾತ್ರ ವ್ಯಾಯಾಮವೇ. ಹೀರೋ ಇಲ್ಲದೆ ಬರೀ ಸಹನಟನನ್ನ ಇಟ್ಟುಕೊಂಡು ನೂರು ದಿನ ಓಡಿದ ಚಿತ್ರ ನೀವು ನೋಡಿದ್ದೀರಾ? ಇನ್ನೊಂದು ಮಾತು. 64 ಜನರ ಒಂದು ಪ್ರಯೋಗ ಒಂದೂರಿನ ಕಲೆಕ್ಷನ್ ಇದ್ದಂಗೆ. ಅದನ್ನ ನೋಡಿ ಇಡೀ ರಾಜ್ಯದ ರಿಪೋರ್ಟ್ ಬರೆಯೋಕಾಗೋಲ್ಲ.

ಇನ್ನು ಲೆಕ್ಕ. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ನನ್ನಂಥವನು ಒಂದು ಗಂಟೆ ಬಿರುಸಾಗಿ ನಡೆದರೆ ಸುಮಾರು 350 ಕ್ಯಾಲೊರಿ. ಅಂದರೆ ಹೆಚ್ಚಿಗೆ ತಿನ್ನದೆ 22 ದಿನ ನಡೆದರೆ ಒಂದು ಕೆಜಿ. ಮುಕ್ಕಾಲು ಗಂಟೆಯ ಪೆಟ್ಟಿಗೆಯಲ್ಲಿ ಸಾವಿರ ಕ್ಯಾಲೊರಿ ಅಂದದ್ದು ಎಂಥ ರೀಲು ಅಂತ ನೀವೇ ಹೇಳಿ! ನನ್ನ ಆರು ಕಾಫಿ, ಒಂದೊಂದಕ್ಕೆ ಎರಡು ಚಮಚ ಅಂದರೆ 10 ಗ್ರಾಂ ಸಕ್ಕರೆ. ಒಂದು ಗ್ರಾಮಿಗೆ 4 ಕ್ಯಾಲೊರಿ, ಅಲ್ಲಿಗೆ ದಿನಕ್ಕೆ 240. ಆ ಸಕ್ಕರೆಯನ್ನ ಬಿಡೋಕೆ ಯಾವ ಸೆಂಟರಿಗೂ ಮುಂಗಡ ಕೊಡಬೇಕಾಗಿಲ್ಲ.

ನಮ್ಮವರ ಮಾತು

ಮೈ ಕಟ್ಟೋದು ಅಂದಾಗ ನನಗೆ ಮೊದಲು ನೆನಪಾಗೋದು 1983ರ 'ಕಾಮನಬಿಲ್ಲು'. ಅಣ್ಣಾವ್ರು ಆ ಚಿತ್ರದಲ್ಲಿ ಯೋಗಾಸನ ಮಾಡಿದಾಗ ಅವರ ವಯಸ್ಸು ಐವತ್ತು ದಾಟಿತ್ತು. ಯಾವ ಪೆಟ್ಟಿಗೆ? ಯಾವ ಬೆಲ್ಟು? ದಿನದಿನದ ಅಭ್ಯಾಸ, ಅಷ್ಟೇ.

ಇನ್ನೊಂದು ನೆನಪು ಹೇಳೋಕೆ ಇವತ್ತಿಗೂ ಕೈ ನಡುಗುತ್ತೆ. 2021ರ ಅಕ್ಟೋಬರ್ 29. ಅಪ್ಪು ಹೋದ ದಿನ. 46 ವರ್ಷ. ಅಷ್ಟು ಚೆನ್ನಾಗಿ ಮೈ ಇಟ್ಟುಕೊಂಡಿದ್ದ ಮನುಷ್ಯನಿಗೂ ಹೃದಯ ಕೈಕೊಟ್ಟಿತಲ್ಲ ಅಂತ ನಾಡೇ ಅತ್ತಿತು. ಅದಕ್ಕೆ ವ್ಯಾಯಾಮವನ್ನ ಬೈಯೋದು ಬೇಡ. ಹೊರಗಿನ ಮೈ ನೋಡಿ ಒಳಗಿನ ಹೃದಯ ಹೇಳೋಕಾಗೋಲ್ಲ, ಒಂದು ಸಲ ತೋರಿಸಿಕೊಳ್ಳಬೇಕು ಅನ್ನೋದಷ್ಟೇ ಪಾಠ. 2022ರ ಮೇ ತಿಂಗಳಲ್ಲಿ ಕಿರುತೆರೆಯ ಚೇತನಾ ರಾಜ್, ಇನ್ನೂ 21ರ ಹುಡುಗಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಆಪರೇಷನ್ನಿಗೆ ಹೋಗಿ ತೀರಿಕೊಂಡಳು. ತೆಳ್ಳಗಾಗೋ ಅವಸರಕ್ಕೆ ಎಂಥೆಂಥ ಬೆಲೆ!

ಅಣ್ಣಾವ್ರು 2006ರಲ್ಲಿ ಹೋದಾಗ ಕಣ್ಣು ದಾನವಾಯಿತು. ಅಪ್ಪು ಹೋದಾಗಲೂ ಕಣ್ಣು ದಾನವಾಯಿತು, ನಾಲ್ಕು ಜನಕ್ಕೆ ದೃಷ್ಟಿ ಬಂತು. ಇಂಥವರ ಅಭಿಮಾನಿ ನಾನು. ಮಾಡಿದ್ದೇನು? ಹೆತ್ತ ತಾಯಿಯ ಕಣ್ಣಿಗೆ ಬೆಳಕಾಗಬೇಕಿದ್ದ ದುಡ್ಡನ್ನ ನನ್ನ ಹೊಟ್ಟೆಗೆ ಕೆಂಪು ಬೆಳಕು ಮಾಡಿದೆ. ಇದನ್ನ ಇಲ್ಲಿ ಬರೆಯೋಕೆ ನಾಚಿಕೆಯಾಗುತ್ತೆ. ಆದರೂ ಬರೆದಿದ್ದೇನೆ, ನಿಮ್ಮಲ್ಲೊಬ್ಬನಾದರೂ ಇಂಥ ಬಸ್ಸು ಹತ್ತದಿರಲಿ ಅಂತ.

ಕ್ಲೈಮ್ಯಾಕ್ಸು

ಉಳಿದ ಸಿಟ್ಟಿಂಗುಗಳ ದುಡ್ಡು ಕೇಳಿದೆ. 'ಕೊಟ್ಟ ಹಣ ವಾಪಸ್ಸಿಲ್ಲ' ಅಂತ ರಸೀತಿಯ ಹಿಂದೆ ಸಣ್ಣಕ್ಷರದಲ್ಲಿತ್ತು. ಬಿಟ್ಟೆ. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯೋಕೆ ಶುರು ಮಾಡಿದೆ. ಕಾಫಿ ಎರಡಕ್ಕಿಳಿಸಿ ಸಕ್ಕರೆ ನಿಲ್ಲಿಸಿದೆ. ರಾತ್ರಿ ಗಾಡಿಯ ಎಗ್ ರೈಸಿಗೆ ದೂರದಿಂದಲೇ ಕೈ ಮುಗಿದೆ. ಎರಡು ತಿಂಗಳ ಹೊತ್ತಿಗೆ ನಿಜವಾದ ತೂಕ 89. ಎದೆಯುಬ್ಬಿಸಿಕೊಂಡು ನಿರ್ದೇಶಕರ ಮುಂದೆ ನಿಂತೆ.

ಅವರು ತಲೆ ಕೆರೆದುಕೊಂಡರು. "ಅಯ್ಯೋ, ಆ ಪಾತ್ರ ಬದಲಾಯ್ತಲ್ಲೋ! ಈಗವನು ಕಬಡ್ಡಿ ಆಡೋನಲ್ಲ, ಪಕ್ಕದಲ್ಲಿ ಕೂತು ಬೋಂಡ ತಿನ್ನೋನು. 110 ಕೆಜಿ ಇರೋ ಒಬ್ಬನ್ನ ಹಾಕ್ಕೊಂಡ್ವಿ. ನೀನು ಸಣ್ಣ ಆಗ್ಬಿಟ್ಟಿದ್ದೀಯಲ್ಲೋ!"

ಅಳಬೇಕೋ ನಗಬೇಕೋ ತಿಳೀಲಿಲ್ಲ. ರಸ್ತೆಗೆ ಬಂದು ಜೋರಾಗಿ ನಕ್ಕುಬಿಟ್ಟೆ.

ಆ ಚಿತ್ರ ಬಂತು, ಹೋಯಿತು. ನನ್ನ ನಡಿಗೆ ಮಾತ್ರ ನಿಲ್ಲಲಿಲ್ಲ. ಒಂದು ವರ್ಷಕ್ಕೆ 81 ಕೆಜಿ. ಅಮ್ಮನನ್ನ ಸರ್ಕಾರಿ ಕಣ್ಣಾಸ್ಪತ್ರೆಗೆ ಕರೆತಂದೆ, ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಎದುರಿಗೆ ನಿಂತಿದ್ದೆ. ಅಮ್ಮ ನನ್ನನ್ನ ಮೇಲಿಂದ ಕೆಳಗೆ ನೋಡಿ ಅಂದಳು: "ಇದೇನಪ್ಪ, ಇಷ್ಟು ಸೊರಗಿದ್ದೀಯ? ಊಟ ಮಾಡ್ತಿಲ್ವಾ?"

ಮಿತ್ರರೇ, ನೀವೂ ಬೆಳಕಿನ ಪೆಟ್ಟಿಗೆಗೆ ಹೋಗಲೇಬೇಕು ಅಂತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಬಿಸಿಯ ಹತ್ತಿರ ಹುಷಾರಾಗಿರಿ, ಸುಟ್ಟರೂ ಗೊತ್ತಾಗೋಲ್ಲ. ಕಾಣದ ಬೆಳಕಿಗೆ ಕಣ್ಣು ತಾನಾಗಿ ಮುಚ್ಚೋಲ್ಲ, ಆದ್ದರಿಂದ ಕನ್ನಡಕ ಕೊಡದವರ ಹತ್ತಿರ ಹೋಗಬೇಡಿ. ಬೆವರಿದಷ್ಟೂ ನೀರು ಕುಡೀರಿ. ತೂಕ ನೋಡೋದಾದರೆ ಬೆಳಿಗ್ಗೆ ಎದ್ದ ಕೂಡಲೇ, ಒಂದೇ ತಕ್ಕಡಿಯಲ್ಲಿ ನೋಡಿ.

ಮೊನ್ನೆ ಸೆಟ್ಟಿನಲ್ಲಿ ಲೈಟಣ್ಣ ಸಿಕ್ಕಿದರು. ನನ್ನ ಹೊಟ್ಟೆಗೆ ಬೆರಳಿನಿಂದ ಚುಚ್ಚಿ, "ಎಲ್ಲೋಯ್ತೋ ಮರಿ?" ಅಂದರು.

"ಉಸಿರಲ್ಲಿ ಹೋಯ್ತಣ್ಣ" ಅಂದೆ. ಅವರು ನಂಬಲಿಲ್ಲ. ಬಿಡಿ, ನೀವಾದರೂ ನಂಬಿ. ನಿಮ್ಮ ಬಸ್ಸು ಬರೋಕೆ ಇನ್ನೂ ಹತ್ತು ನಿಮಿಷ ಇದ್ದರೆ ಸೀಟು ಬಿಟ್ಟೆದ್ದು ಸ್ಟ್ಯಾಂಡನ್ನ ಎರಡು ಸುತ್ತು ಹಾಕಿ. ಅದಕ್ಕೆ ಟಿಕೆಟ್ಟಿಲ್ಲ!